ಎದುರಿಗೆ ಜನ ಮಾತಾಡುತ್ತಿದ್ದರೂ ನಿದ್ದೆ ಹೋಗುತ್ತಿದ್ದ ಅಧ್ಯಕ್ಷ: ಗೊರಕೆಗೂ ಆಪರೇಷನ್‌ಗೂ ಏನು ಸಂಬಂಧ?

ಅಮೆರಿಕದ 27ನೇ ಅಧ್ಯಕ್ಷ ವಿಲಿಯಂ ಹೋವರ್ಡ್ ಟಾಫ್ಟ್ ಅಂದರೆ ಜನ ಹೇಳುವ ಕಥೆ ಒಂದೇ: ಸ್ನಾನದ ಟಬ್ಬಿನಲ್ಲಿ ಸಿಕ್ಕಿಹಾಕಿಕೊಂಡಿದ್ದರಂತೆ! ಅವರಿಗಾಗಿ ಭಾರೀ ಟಬ್ ಮಾಡಿಸಿದ್ದು ನಿಜ. ಸಿಕ್ಕಿಹಾಕಿಕೊಂಡದ್ದಕ್ಕೆ ಗಟ್ಟಿ ಪುರಾವೆ ಇಲ್ಲ. ಅದನ್ನು ಫಾರ್ವರ್ಡ್ ಮಾಡುವ ಬದಲು ಅವರ ನಿದ್ದೆಯ ಕಥೆ ಕೇಳಿ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ ಉಪಯೋಗಕ್ಕೆ ಬರುತ್ತದೆ.

1857ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದ ಟಾಫ್ಟ್ ವಕೀಲರಾಗಿ, ನ್ಯಾಯಾಧೀಶರಾಗಿ ಬೆಳೆದು, 1901ರಲ್ಲಿ ಫಿಲಿಪ್ಪೀನ್ಸ್‌ನ ಗವರ್ನರ್ ಆದರು. ಅದೇ ವರ್ಷ ಮನಿಲಾದಲ್ಲಿ ಕೀವುಗಟ್ಟಿದ ಕುರುವಿಗೆ ಅವರಿಗೆ ಆಪರೇಷನ್ ಆಯಿತು. ಊರಿಗೆ ಮರಳಿದ ಮೇಲೆ ಮತ್ತೆ ಆಪರೇಷನ್. ಎಲ್ಲದರಿಂದಲೂ ಪಾರಾಗಿ ಬಂದರು. ಅದು ಎಂಥ ಅದೃಷ್ಟ ಅನ್ನುವುದು ಅವರ ಮುಂದಿನ ಕಥೆ ನೋಡಿದರೆ ತಿಳಿಯುತ್ತದೆ.

1909ರಲ್ಲಿ ಅಧ್ಯಕ್ಷರಾದಾಗ ಅವರ ತೂಕ ಸುಮಾರು 150 ಕಿಲೋ. ಗೊರಕೆ ಜೋರು, ರಕ್ತದೊತ್ತಡವೂ ಹೆಚ್ಚು. ಎದುರಿಗೆ ಕೂತವರು ಮಾತಾಡುತ್ತಿದ್ದಂತೆಯೇ ತೂಕಡಿಸುತ್ತಿದ್ದರು. ಇಸ್ಪೀಟು ಆಡುವಾಗ, ತೆರೆದ ಕಾರಿನಲ್ಲಿ ಹೋಗುವಾಗ, ಸಾವಿನ ಪ್ರಾರ್ಥನೆಯಲ್ಲೂ ನಿದ್ದೆ. ಸಹಾಯಕ ಆರ್ಚಿಬಾಲ್ಡ್ ಬಟ್ ಪಕ್ಕದಲ್ಲಿ ನಿಂತು ಜೋರಾಗಿ ಕೆಮ್ಮಿ ಎಬ್ಬಿಸುತ್ತಿದ್ದರು. (ಬಟ್ 1912ರಲ್ಲಿ ಟೈಟಾನಿಕ್ ಹಡಗಿನಲ್ಲಿ ತೀರಿಕೊಂಡರು. ಈ ವಿಷಯಗಳು ಉಳಿದಿರುವುದು ಹೆಚ್ಚಾಗಿ ಅವರ ಪತ್ರಗಳಿಂದಲೇ.)

ಜನ ಸೋಮಾರಿತನ ಅಂದುಕೊಂಡರು. ಈ ಕಾಯಿಲೆಯನ್ನು ವೈದ್ಯರು ಸರಿಯಾಗಿ ಗುರುತಿಸಿದ್ದೇ 1965ರಲ್ಲಿ. ಟಾಫ್ಟ್‌ಗೆ ಇದ್ದದ್ದು ಸ್ಲೀಪ್ ಆಪ್ನಿಯಾ ಎಂದು ಜಾನ್ ಸೋಟೋಸ್ ಎಂಬ ವೈದ್ಯರು 2003ರಲ್ಲಿ ಹಳೆಯ ದಾಖಲೆಗಳನ್ನು ಜೋಡಿಸಿ ವಾದಿಸಿದರು. ನಮಗೂ ಅದು ಸರಿ ಅನಿಸುತ್ತದೆ.

ಈ ಕಾಯಿಲೆಯಲ್ಲಿ ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ. ಆಮ್ಲಜನಕ ಇಳಿದಾಗ ಮಿದುಳು ಅರೆ ಎಚ್ಚರಗೊಂಡು, ಗಂಟಲು ತೆರೆದು, ಉಸಿರು ಎಳೆಸುತ್ತದೆ. ರಾತ್ರಿಯಿಡೀ ಇದೇ ಆಟ; ಅದಕ್ಕೇ ಹಗಲು ತೂಕಡಿಕೆ. ಗೊರಕೆ ಹೊಡೆದರೆ ಒಳ್ಳೆ ನಿದ್ದೆ ಅನ್ನುವುದು ಬರೀ ಸುಳ್ಳು ನಂಬಿಕೆ.

ಈಗ ಆಪರೇಷನ್‌ಗೆ ಬನ್ನಿ. ಅರಿವಳಿಕೆ ಮದ್ದು ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ಜೊತೆಗೆ ಜೀವ ಕಾಯುತ್ತಿದ್ದ ಆ ಅರೆ ಎಚ್ಚರವನ್ನೇ ಕಿತ್ತುಕೊಳ್ಳುತ್ತದೆ. ಆಪರೇಷನ್ ಮುಗಿದ ಮೇಲೂ ಅಪಾಯ ಹೋಗಿರುವುದಿಲ್ಲ. ಮಾರ್ಫಿನ್‌ನಂಥ ನೋವಿನ ಮದ್ದು ಉಸಿರಾಟವನ್ನು ಕುಗ್ಗಿಸುತ್ತದೆ.

ಟಾಫ್ಟ್ ಕಾಲದಲ್ಲಿ ಇದನ್ನು ಕೇಳುವವರೇ ಇರಲಿಲ್ಲ. ಇಂದಿನ ಅರಿವಳಿಕೆ ತಜ್ಞರು ಮೊದಲೇ ವಿಚಾರಿಸುತ್ತಾರೆ: ಜೋರಾಗಿ ಗೊರಕೆ ಇದೆಯೇ, ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ, ಹಗಲು ಸುಸ್ತೇ, ಬಿಪಿ ಇದೆಯೇ. ತೂಕ, ವಯಸ್ಸು, ಕತ್ತಿನ ಸುತ್ತಳತೆಯನ್ನೂ ನೋಡುತ್ತಾರೆ. ಅನುಮಾನ ಬಂದರೆ, ಸಾಧ್ಯವಿದ್ದಲ್ಲಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆ ಭಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಪೂರ್ತಿ ಮಲಗಿಸಲೇಬೇಕಾದರೆ ಚೆನ್ನಾಗಿ ಎಚ್ಚರವಾದ ಮೇಲಷ್ಟೇ ಉಸಿರಿನ ನಳಿಕೆ ತೆಗೆಯುತ್ತಾರೆ, ತಲೆ ಎತ್ತರಿಸಿ ಮಲಗಿಸುತ್ತಾರೆ, ಬೆರಳಿಗೆ ಆಕ್ಸಿಮೀಟರ್ ಹಾಕಿ ಕಾಯುತ್ತಾರೆ. ಮನೆಯಲ್ಲಿ ಸಿಪ್ಯಾಪ್ ಯಂತ್ರ ಬಳಸುವವರು ಅದನ್ನು ಆಸ್ಪತ್ರೆಗೂ ಒಯ್ಯಬೇಕು. ಉಸಿರು ನಿಲ್ಲುವುದು ರೋಗಿಗೇ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಮಲಗುವವರೇ ಡಾಕ್ಟರಿಗೆ ಹೇಳಬೇಕು.

ಟಾಫ್ಟ್ ಅವರದ್ದು ಏನಾಯಿತು? 1913ರಲ್ಲಿ ಅಧಿಕಾರ ಬಿಟ್ಟವರು ಊಟಕ್ಕೆ ಕಡಿವಾಣ ಹಾಕಿ ವರ್ಷದೊಳಗೆ 30 ಕಿಲೋ ಇಳಿಸಿದರು. ಹಗಲು ತೂಕಡಿಕೆಯೂ ಹೋಯಿತು. 1921ರಲ್ಲಿ, ಅಧ್ಯಕ್ಷಗಿರಿಗಿಂತ ಹೆಚ್ಚಾಗಿ ಅವರು ಆಸೆಪಟ್ಟಿದ್ದ ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಹುದ್ದೆ ಸಿಕ್ಕಿತು. 1930ರ ಫೆಬ್ರವರಿವರೆಗೂ ಆ ಹುದ್ದೆಯಲ್ಲಿದ್ದು, ಮಾರ್ಚ್ 8ರಂದು 72ನೇ ವಯಸ್ಸಿನಲ್ಲಿ ತೀರಿಕೊಂಡರು.