‘ಅಯ್ಯೋ ಪಾಪ’ ಅಂದ ಮೇಲೆ ಏನು? ಕ್ರಿಸ್ಟಲ್ ರೋಜರ್ಸ್ ಅಜ್ಜಿಯ ಕಥೆ

ಈ ಸಲ ಯಾರಾದರೂ ಸಾಧಕರ ಬಗ್ಗೆ ಬರೀರಿ ಅಂತ ಕ್ಲಬ್ ಸೀನಿಯರ್ಸ್ ಹೇಳಿದಾಗ ಎಲ್ಲರ ಬಾಯಲ್ಲೂ ಬಂದಿದ್ದು ವಿಶ್ವೇಶ್ವರಯ್ಯನವರ ಹೆಸರು. ನಾನು ಬೇರೆಯವರ ಬಗ್ಗೆ ಬರೀತೀನಿ. ಅವರು ಎಂಜಿನಿಯರ್ ಅಲ್ಲ, ಕನ್ನಡದವರೂ ಅಲ್ಲ. ಆದ್ರೆ ಅವರ ಬದುಕಿನ ಕೊನೆಯ ದೊಡ್ಡ ಕೆಲಸ ಆಗಿದ್ದು ನಮ್ಮ ಕರ್ನಾಟಕದಲ್ಲೇ. ಅವರ ಹೆಸರು ಕ್ರಿಸ್ಟಲ್ ರೋಜರ್ಸ್.

ಇವರ ಪರಿಚಯ ನನಗೆ ಆಗಿದ್ದು ಒಂದು ನಾಯಿಯಿಂದ. ನಾನು ಫಸ್ಟ್ ಇಯರ್‌ಗೆ ಸೇರಿದ ಹೊಸತು. ಧಾರವಾಡದ ಜಿಟಿಜಿಟಿ ಮಳೆ ನಿಂತೇ ಇರಲಿಲ್ಲ. ಒಂದು ಸಂಜೆ ಹಾಸ್ಟೆಲ್ ಹತ್ರ ನಾಯಿಯೊಂದರ ಕಾಲ ಮೇಲೆ ಬೈಕ್ ಹಾದು ಹೋಯ್ತು. ನಾವು ಏಳೆಂಟು ಜನ ಸುತ್ತ ನಿಂತು ಅಯ್ಯೋ ಪಾಪ ಅಂದ್ವಿ. ಒಬ್ಬ ಫೋಟೋ ತೆಗೆದು ಸ್ಟೇಟಸ್ ಹಾಕಿದ. ಎಲ್ಲಿಗೆ ಒಯ್ಯಬೇಕು, ಯಾರಿಗೆ ಫೋನ್ ಮಾಡಬೇಕು, ರೊಕ್ಕ ಯಾರು ಕೊಡಬೇಕು ಅನ್ನೋದು ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಮೆಸ್ಸಿನ ಅಕ್ಕ ಬಂದು, ಅದನ್ನ ಗೋಣಿಚೀಲದಾಗ ಸುತ್ತಿ ಒಳಗೆ ಮಲಗಿಸಿದ್ರು. ನಾಯಿ ಬದುಕಿತು. ಆದ್ರೆ ಮುರಿದ ಎಲುಬು ಸೊಟ್ಟ ಕೂಡಿತು. ಇವತ್ತಿಗೂ ಅದು ಮೂರು ಕಾಲಿನ ಮೇಲೇ ಓಡಾಡ್ತದ. ಅವತ್ತು ರಾತ್ರಿ ಪ್ರಾಣಿಗಳ ಆಸ್ಪತ್ರೆ ಹುಡುಕ್ತಾ ಕೂತಾಗ ಸಿಕ್ಕಿದ್ದು ಈ ಅಜ್ಜಿಯ ಕಥೆ.

ಕ್ರಿಸ್ಟಲ್ ರೋಜರ್ಸ್ ಹುಟ್ಟಿದ್ದು 1906ರಲ್ಲಿ. ಮೂಲತಃ ಇಂಗ್ಲೆಂಡಿನವರು. 1959ರಲ್ಲಿ ನ್ಯೂಜಿಲೆಂಡ್‌ಗೆ ಹೊರಟಿದ್ದ ಅವರು ದಾರಿಯಲ್ಲಿ ಭಾರತದಲ್ಲಿ ಇಳಿದರು. ಇಲ್ಲಿ ರಸ್ತೆ ಬದಿಯಲ್ಲಿ ಒಂದು ಕುದುರೆ ಸಾಯುತ್ತಾ ಬಿದ್ದಿದ್ದನ್ನು ನೋಡಿದರು. ಜೀವ ಇರುವಾಗಲೇ ಕಾಗೆಗಳು ಅದರ ಕಣ್ಣು ಕುಕ್ಕಿದ್ದವು. ಅವರು ಮುಂದಿನ ಪ್ರಯಾಣ ಬಿಟ್ಟು ಇಲ್ಲೇ ಉಳಿದುಬಿಟ್ಟರು. ಆಗ ಅವರಿಗೆ ಸುಮಾರು 53 ವರ್ಷ. ನಮ್ಮ ಮನೆಗಳಲ್ಲಿ ರಿಟೈರ್‌ಮೆಂಟ್ ಲೆಕ್ಕ ಶುರುವಾಗುವ ವಯಸ್ಸು ಅದು.

ಆಗಿನ ಕಾಲ ಹೇಗಿತ್ತು ಅಂತ ಸ್ವಲ್ಪ ಹೇಳ್ತೀನಿ. ಪ್ರಾಣಿಹಿಂಸೆ ತಡೆಯೋಕೆ ಇದ್ದದ್ದು ಬ್ರಿಟಿಷರು 1890ರಲ್ಲಿ ಮಾಡಿದ್ದ ಹಳೇ ಕಾಯ್ದೆ. ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹೋರಾಡಿದ ಮೇಲೆ 1960ರಲ್ಲಿ ಹೊಸ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆಯ್ತು, ಅವರೇ ಮೊದಲ ಅಧ್ಯಕ್ಷೆ. ಕಾಯ್ದೆ ಬಂತು ಸರಿ, ಆದ್ರೆ ಗಾಯಗೊಂಡ ನಾಯಿಗೆ ಕಾಯ್ದೆ ಬ್ಯಾಂಡೇಜ್ ಕಟ್ಟೋದಿಲ್ಲ. ಅದಕ್ಕೆ ಜಾಗ ಬೇಕು, ಡಾಕ್ಟರ್ ಬೇಕು, ಔಷಧ ಬೇಕು. ರೋಜರ್ಸ್ ದೆಹಲಿಯಲ್ಲಿ ‘ದಿ ಅನಿಮಲ್ಸ್ ಫ್ರೆಂಡ್’ ಅನ್ನೋ ಸಂಸ್ಥೆ ಕಟ್ಟಿ ಆ ಕೆಲಸಕ್ಕೆ ಕೈ ಹಾಕಿದರು.

ಅಲ್ಲಿಂದ ಜೈಪುರ. 1980ರಲ್ಲಿ, 74ರ ಆಸುಪಾಸಿನಲ್ಲಿ, ‘ಹೆಲ್ಪ್ ಇನ್ ಸಫರಿಂಗ್’ ಶುರು ಮಾಡಿದರು. ಆಮೇಲೆ ಅದರ ಜವಾಬ್ದಾರಿಯನ್ನು ಆಸ್ಟ್ರೇಲಿಯಾದ ಕ್ರಿಸ್ಟೀನ್ ಟೌನೆಂಡ್ ಹೊತ್ತುಕೊಂಡರು. 1994ರಿಂದ ಆ ಸಂಸ್ಥೆ ಜೈಪುರದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ವಾಪಸ್ ಬಿಡೋದಕ್ಕೆ ಶುರು ಮಾಡಿತು. ಆ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ಇಳೀತು, ಮನುಷ್ಯರಿಗೆ ಬರುವ ರೇಬೀಸ್ ಕೂಡ ಇಳೀತು. ಅಂದ್ರೆ ಪ್ರಾಣಿಗೆ ಮಾಡಿದ ಖರ್ಚು ಪ್ರಾಣಿಗಷ್ಟೇ ಅಲ್ಲ, ನಮಗೂ ಬಂತು.

ನಂತರ ಅಜ್ಜಿ ಬಂದದ್ದು ಬೆಂಗಳೂರಿಗೆ. 1991ರಲ್ಲಿ ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’ ಅನ್ನೋ ಸಂಸ್ಥೆ ಹುಟ್ಟಿತು. ಚಿಕ್ಕದಾಗಿ ‘ಕ್ಯೂಪಾ’ ಅಂತಾರೆ. ಆಗ ಅವರಿಗೆ 85ರ ಹತ್ತಿರ! ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಕ್ಯಾಂಪಸ್‌ನಲ್ಲಿ ಈ ಸಂಸ್ಥೆಗೆ ಜಾಗ ಸಿಕ್ಕಿತು. ಅಪಘಾತವಾದ ಬೀದಿನಾಯಿ, ಸಾಕಿದವರೇ ಬಿಟ್ಟುಹೋದ ನಾಯಿ, ಬೆಕ್ಕು, ಹೀಗೆ ಕೇಳೋರಿಲ್ಲದ ಜೀವಗಳಿಗೆ ಅದು ಆಸರೆ ಆಯ್ತು. ನನಗೆ ಇಷ್ಟವಾದದ್ದು ಆ ಹೆಸರಿನ ಕೊನೆಯ ಎರಡು ಪದ. ಮರುಕಕ್ಕೆ ಮಿತಿ ಇಲ್ಲದಿದ್ರೂ ಸಾಲದು, ಅದರ ಜೊತೆ ಕೆಲಸವೂ ಕೂಡಬೇಕು. ಅವತ್ತು ಮಳೆಯಲ್ಲಿ ನಿಂತಿದ್ದ ನಮ್ಮ ಹತ್ರ ಮೊದಲನೆಯದು ಬೇಕಾದಷ್ಟಿತ್ತು, ಎರಡನೆಯದು ಇದ್ದದ್ದು ಮೆಸ್ಸಿನ ಅಕ್ಕನ ಹತ್ರ ಮಾತ್ರ.

1996ರಲ್ಲಿ ಕ್ರಿಸ್ಟಲ್ ರೋಜರ್ಸ್ ತೀರಿಕೊಂಡರು. ಜೈಪುರದ ಸಂಸ್ಥೆಯೂ ಬೆಂಗಳೂರಿನ ಸಂಸ್ಥೆಯೂ ಅವರು ಹೋದ ಮೇಲೆ ನಿಲ್ಲಲಿಲ್ಲ, ಬೆಳೆದವು. ಒಬ್ಬರು ಒಂದು ನಾಯಿಯನ್ನ ಉಳಿಸಿದ್ರೆ ಅದು ಒಳ್ಳೆಯತನ. ತಾನಿಲ್ಲದಾಗಲೂ ನಾಯಿಗಳು ಉಳಿಯುವ ಹಾಗೆ ಒಂದು ವ್ಯವಸ್ಥೆ ಕಟ್ಟೋದು ಅದಕ್ಕಿಂತ ದೊಡ್ಡದು. ಸಿಸ್ಟಮ್ ಡಿಸೈನ್ ಅಂತ ನಾವು ಕ್ಲಾಸಲ್ಲಿ ಓದೋದು ಇದನ್ನೇ ಅಲ್ವಾ?

ಆದ್ರೆ ಇಂಥ ಆಸ್ಪತ್ರೆ ನಡೆಸೋದು ಸುಲಭ ಅಲ್ಲರೀ. ಬೀದಿನಾಯಿ ಬಿಲ್ ಕಟ್ಟೋದಿಲ್ಲ. ಮುರಿದ ಕಾಲಿಗೆ ಎಕ್ಸ್‌ರೇ ಬೇಕು, ಪ್ಲಾಸ್ಟರ್ ಅಥವಾ ಆಪರೇಷನ್ ಬೇಕು, ಆಮೇಲೆ ವಾರಗಟ್ಟಲೆ ಒಂದು ಕಡೆ ಇಟ್ಟು ಊಟ ಹಾಕಬೇಕು. ಪಾರ್ವೊ ಬಂದ ಮರಿಗೆ ದಿನಗಟ್ಟಲೆ ಡ್ರಿಪ್ ಹಾಕಬೇಕು. ದೊಡ್ಡ ದಾನಿಯೊಬ್ಬ ಒಮ್ಮೆ ಕೊಡೋದಕ್ಕಿಂತ ತಿಂಗಳು ತಿಂಗಳೂ ತಪ್ಪದೆ ಬರೋ ಸಣ್ಣ ದುಡ್ಡು ಅವರಿಗೆ ಹೆಚ್ಚು ಧೈರ್ಯ ಕೊಡ್ತದ. ಯಾಕಂದ್ರ ಖರ್ಚು ಬರೋದೂ ತಿಂಗಳು ತಿಂಗಳೇ.

ಹಂಗಾದ್ರ ನಾವೇನು ಮಾಡಬಹುದು? ನಮ್ಮ ಕ್ಲಾಸಲ್ಲಿ ಅರವತ್ತು ಜನ ಇದ್ದೀವಿ. ಒಬ್ಬೊಬ್ಬರು ತಿಂಗಳಿಗೆ ಇಪ್ಪತ್ತು ರೂಪಾಯಿ ಹಾಕಿದ್ರೆ 1,200 ಆಗ್ತದ. ಒಂದು ಧಾರವಾಡ ಪೇಢೆ ಬಾಕ್ಸ್ ಕಡಿಮೆ ತಿಂದ್ರೆ ಆಯ್ತು. ಅದರಲ್ಲಿ ಕ್ಯಾಂಪಸ್ ನಾಯಿಗಳಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಬಹುದು, ಉಳಿದದ್ದನ್ನ ಒಂದು ಧರ್ಮಾರ್ಥ ಪ್ರಾಣಿ ಆಸ್ಪತ್ರೆಗೆ ಕಳಿಸಬಹುದು. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ ಎಲ್ಲಿದೆ, ಎಷ್ಟೊತ್ತಿಗೆ ತೆರೀತದ ಅಂತ ಒಂದು ಸಲ ಹೋಗಿ ನೋಡಿ ಬರಬಹುದು. ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962 ಅನ್ನೋದನ್ನ ಫೋನಲ್ಲಿ ಸೇವ್ ಮಾಡಬಹುದು. ಗೇಟ್ ಒಳಗೆ ಬೈಕ್ ನಿಧಾನ ಓಡಿಸೋಕಂತೂ ಒಂದು ಪೈಸೆನೂ ಬೇಕಾಗಿಲ್ಲ.

ಮುಂದಿನ ಸೋಮವಾರದಿಂದ ಕ್ಯಾಂಟೀನ್ ಕೌಂಟರ್ ಪಕ್ಕ ಒಂದು ಡಬ್ಬಿ ಇಡ್ತಾ ಇದ್ದೀವಿ. ಲೆಕ್ಕ ಪ್ರತಿ ತಿಂಗಳು ನೋಟಿಸ್ ಬೋರ್ಡ್ ಮೇಲೆ ಬರ್ತದ. ಡಬ್ಬಿ ಎಲ್ಲಿದೆ ಅಂತ ಗೊತ್ತಾಗದಿದ್ರೆ ಮೂರು ಕಾಲಿನ ನಮ್ಮ ನಾಯಿಯನ್ನ ಹುಡುಕ್ರಿ. ಅದು ಮಲಗೋದು ಅಲ್ಲೇ ಪಕ್ಕದಲ್ಲಿ.