ಆಂಟೋನಿಯೊ ಡೆ ಟೊರೆಸ್

ಆಂಟೋನಿಯೊ ಡೆ ಟೊರೆಸ್ ಹುರಾಡೊ (13 ಜೂನ್ 1817 – 19 ನವೆಂಬರ್ 1892) ಸ್ಪೇನ್ ದೇಶದ ಗಿಟಾರ್ ತಯಾರಕರು. ಇಂದಿನ ಶಾಸ್ತ್ರೀಯ ಗಿಟಾರ್‌ನ ಆಕಾರ, ಅಳತೆ ಮತ್ತು ಒಳರಚನೆಗಳು ಬಹುಮಟ್ಟಿಗೆ ಇವರ ಕೈಯಲ್ಲಿ ಸ್ಥಿರಗೊಂಡವು. ಪಕ್ಕ ಹಾಗೂ ಹಿಂಬದಿಗಳಿಗೆ ಮರದ ಬದಲು ರಟ್ಟನ್ನು ಬಳಸಿ 1862ರಲ್ಲಿ ಇವರು ನಿರ್ಮಿಸಿದ ಗಿಟಾರ್, ವಾದ್ಯನಿರ್ಮಾಣದ ಇತಿಹಾಸದಲ್ಲಿ ಪ್ರಸಿದ್ಧವಾದ ಪ್ರಯೋಗವಾಗಿದೆ.

ಆರಂಭಿಕ ಜೀವನ

ಟೊರೆಸ್ ದಕ್ಷಿಣ ಸ್ಪೇನಿನ ಅಲ್ಮೆರಿಯಾ ಪ್ರಾಂತ್ಯದ ಲಾ ಕನ್ಯಾಡಾ ಡೆ ಸ್ಯಾನ್ ಉರ್ಬಾನೊ ಎಂಬಲ್ಲಿ ಜನಿಸಿದರು. ತಂದೆ ತೆರಿಗೆ ವಸೂಲಿಗಾರರಾಗಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಟೊರೆಸ್ ಬಡಗಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1835ರಲ್ಲಿ ಅವರ ವಿವಾಹವಾಯಿತು. ಬಡತನದಲ್ಲಿಯೇ ಸಾಗಿದ ಸಂಸಾರದಲ್ಲಿ ಮಕ್ಕಳ ಮರಣದ ದುಃಖವೂ ಒದಗಿತು. 1845ರಲ್ಲಿ ಪತ್ನಿ ಕ್ಷಯರೋಗದಿಂದ ತೀರಿಕೊಂಡರು.

ಸೆವಿಲ್ಲೆಯ ವರ್ಷಗಳು

ಅನಂತರ ಟೊರೆಸ್ ಸೆವಿಲ್ಲೆ ನಗರಕ್ಕೆ ಬಂದು ನೆಲೆಸಿದರು. ಗಿಟಾರ್ ವಾದಕ ಹೂಲಿಯಾನ್ ಆರ್ಕಾಸ್ ಅವರ ಪ್ರೋತ್ಸಾಹದಿಂದ 1850ರ ದಶಕದಲ್ಲಿ ಗಿಟಾರ್ ತಯಾರಿಕೆಯನ್ನೇ ವೃತ್ತಿಯಾಗಿಸಿಕೊಂಡರು. 'ಲಾ ಲಿಯೋನಾ' ಎಂಬ ಹೆಸರಿನ ಅವರ ಪ್ರಸಿದ್ಧ ಗಿಟಾರ್ 1856ರದು. 1858ರಲ್ಲಿ ಸೆವಿಲ್ಲೆಯ ವಸ್ತುಪ್ರದರ್ಶನದಲ್ಲಿ ಅವರಿಗೆ ಪದಕ ದೊರೆಯಿತು. 1864ರಲ್ಲಿ ಅವರು ತಯಾರಿಸಿದ ಗಿಟಾರ್ ಒಂದನ್ನು ಪ್ರಸಿದ್ಧ ವಾದಕ ಫ್ರಾನ್ಸಿಸ್ಕೊ ತಾರೆಗಾ 1869ರಲ್ಲಿ ಪಡೆದು ದೀರ್ಘಕಾಲ ನುಡಿಸಿದರು.

ನಿರ್ಮಾಣ ವಿಧಾನ

ಟೊರೆಸ್ ಗಿಟಾರ್‌ನ ಒಡಲನ್ನು ಹಿಗ್ಗಿಸಿ, ಸ್ಪ್ರೂಸ್ ಮರದ ಮೇಲ್ಹಲಗೆಯನ್ನು ತೆಳುವಾಗಿಸಿ, ಅದಕ್ಕೆ ನಸು ಉಬ್ಬು ನೀಡಿದರು. ತೆಳುವಾದ ಹಲಗೆಯನ್ನು ಬಲಪಡಿಸಲು ಒಳಭಾಗದಲ್ಲಿ ಬೀಸಣಿಗೆಯಾಕಾರದಲ್ಲಿ ಪಟ್ಟಿಗಳನ್ನು ಅಂಟಿಸಿದರು. ಈ ಪಟ್ಟಿಗಳ ಕ್ರಮವು ಮೊದಲೇ ಬಳಕೆಯಲ್ಲಿತ್ತು. ಅದನ್ನು ಪರಿಷ್ಕರಿಸಿ ವ್ಯವಸ್ಥಿತಗೊಳಿಸಿದ್ದು ಟೊರೆಸ್ ಅವರ ಸಾಧನೆ.

ಗಿಟಾರ್‌ನ ಪಕ್ಕಗಳು ಸಾಮಾನ್ಯವಾಗಿ ಸುಮಾರು 2 ಮಿಲಿಮೀಟರ್ ದಪ್ಪದ ಎರಡು ಹಲಗೆಪಟ್ಟಿಗಳು. ಅವುಗಳನ್ನು ತೇವಗೊಳಿಸಿ, ಕಾದ ಕಬ್ಬಿಣಕ್ಕೆ ಒತ್ತಿ ನಿಧಾನವಾಗಿ ಬಾಗಿಸಲಾಗುತ್ತದೆ. ಪಟ್ಟಿ ದಪ್ಪವಾಗಿದ್ದರೆ ಸೊಂಟದ ಬಾಗಿನಲ್ಲಿ ಸೀಳುವ ಸಂಭವವಿದೆ. ತೀರಾ ತೆಳುವಾದರೆ ಒಡಲು ದುರ್ಬಲವಾಗುತ್ತದೆ. ಸ್ಪೇನಿನ ಪದ್ಧತಿಯಲ್ಲಿ ಈ ಪಟ್ಟಿಗಳ ತುದಿಗಳನ್ನು ಗಿಟಾರ್‌ನ ಕತ್ತಿನ ಬುಡದಲ್ಲಿ ಕೊರೆದ ಸೀಳುಗಳಿಗೆ ಸೇರಿಸಿ, ಮೇಲ್ಹಲಗೆಗೆ ಪುಟ್ಟ ಮರದ ತುಂಡುಗಳ ನೆರವಿನಿಂದ ಅಂಟಿಸುತ್ತಾರೆ. ಟೊರೆಸ್ ಪಕ್ಕಗಳಿಗೆ ಸೈಪ್ರಸ್, ಮೇಪಲ್ ಹಾಗೂ ಬೀಟೆಯ ಕುಲಕ್ಕೆ ಸೇರಿದ ರೋಸ್‌ವುಡ್ ಮರಗಳನ್ನು ಬಳಸುತ್ತಿದ್ದರು.

ರಟ್ಟಿನ ಗಿಟಾರ್

ಗಿಟಾರ್‌ನ ನಾದಕ್ಕೆ ಮೇಲ್ಹಲಗೆಯೇ ಮುಖ್ಯ ಆಧಾರ ಎಂಬುದು ಟೊರೆಸ್ ಅವರ ನಿಲುವಾಗಿತ್ತು. ತಂತಿಗಳ ಕಂಪನ ಸೇತುವೆಯ ಮೂಲಕ ಮೊದಲು ಮೇಲ್ಹಲಗೆಯನ್ನು ತಲುಪುತ್ತದೆ. ಪಕ್ಕಗಳು ಮುಖ್ಯವಾಗಿ ಒಡಲಿನ ಆಕಾರವನ್ನು ಹಿಡಿದಿಟ್ಟು ಒಳಗಿನ ಗಾಳಿಯನ್ನು ಸುತ್ತುವರಿಯುತ್ತವೆ. ಈ ನಿಲುವನ್ನು ತೋರಿಸಿಕೊಡಲು ಅವರು 1862ರಲ್ಲಿ ಉತ್ತಮ ಮೇಲ್ಹಲಗೆಯನ್ನು ರಟ್ಟಿನ ಪಕ್ಕ ಮತ್ತು ಹಿಂಬದಿಗೆ ಜೋಡಿಸಿದರು. ಈ ಗಿಟಾರ್ ಈಗ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಪಕ್ಕಗಳಿಗೆ ಯಾವ ಪಾತ್ರವೂ ಇಲ್ಲವೆಂದು ಇದರಿಂದ ಅರ್ಥೈಸಲಾಗದು. ಟೊರೆಸ್ ಅವರೂ ಅನಂತರದ ವಾದ್ಯಗಳಿಗೆ ಮರವನ್ನೇ ಬಳಸಿದರು. ಆದರೆ ದುಬಾರಿ ಮರವೊಂದೇ ಒಳ್ಳೆಯ ನಾದವನ್ನು ನೀಡುತ್ತದೆಂಬ ನಂಬಿಕೆಯನ್ನು ಈ ಪ್ರಯೋಗ ಪ್ರಶ್ನಿಸಿತು.

ಕೊನೆಯ ವರ್ಷಗಳು

ಖ್ಯಾತಿ ದೊರೆತರೂ ಗಿಟಾರ್ ತಯಾರಿಕೆಯಿಂದ ಟೊರೆಸ್ ಅವರ ಬದುಕು ಹಸನಾಗಲಿಲ್ಲ. 1868ರಲ್ಲಿ ಮರುವಿವಾಹವಾದ ಅವರು 1870ರ ಸುಮಾರಿಗೆ ಸೆವಿಲ್ಲೆಯ ಕಾರ್ಯಾಗಾರವನ್ನು ಮುಚ್ಚಿ ಅಲ್ಮೆರಿಯಾಕ್ಕೆ ಮರಳಿ, ಪಿಂಗಾಣಿ ಪಾತ್ರೆಗಳ ಅಂಗಡಿ ತೆರೆದರು. 1875ರಿಂದ ಬಿಡುವಿನ ವೇಳೆಯಲ್ಲಿ ಮತ್ತೆ ಗಿಟಾರ್ ತಯಾರಿಸಲಾರಂಭಿಸಿ, ಆ ವಾದ್ಯಗಳ ಒಳಗಿನ ಚೀಟಿಗಳಲ್ಲಿ ಅದನ್ನು ತಮ್ಮ ಎರಡನೆಯ ಅವಧಿಯೆಂದು ನಮೂದಿಸಿದರು. ಮರಣದವರೆಗೂ ಈ ಕೆಲಸ ಮುಂದುವರಿಯಿತು.

ಪ್ರಭಾವ

ಟೊರೆಸ್ ಬಳಸಿದ ಸುಮಾರು 650 ಮಿಲಿಮೀಟರ್ ತಂತಿಯುದ್ದ ಇಂದಿಗೂ ಶಾಸ್ತ್ರೀಯ ಗಿಟಾರ್‌ಗಳ ಸಾಮಾನ್ಯ ಅಳತೆಯಾಗಿದೆ. ಗಿಟಾರ್ ತಯಾರಕ ಹೊಸೆ ರೊಮಾನಿಲ್ಲೋಸ್ 1987ರಲ್ಲಿ ಪ್ರಕಟಿಸಿದ ಗ್ರಂಥವು ಟೊರೆಸ್ ಅವರ ಜೀವನವನ್ನೂ ಉಳಿದಿರುವ ವಾದ್ಯಗಳನ್ನೂ ವಿವರವಾಗಿ ದಾಖಲಿಸಿದೆ.