ಗುಬ್ಬಿಯ ಕೊರಳಿನ ಹಳದಿ ಗುರುತು

ತಿನ್ನಲು ಅನುಮತಿಯಿದೆಯೇ ಇಲ್ಲವೇ ಎಂಬ ಸಣ್ಣ ಸಂಶಯವು ಒಬ್ಬ ಬಾಲಕನನ್ನು ಜಗತ್ಪ್ರಸಿದ್ಧ ಪಕ್ಷಿ ವಿಜ್ಞಾನಿಯ ಹಾದಿಗೆ ತಂದಿತೆಂದರೆ ಹಲವರಿಗೆ ಅಚ್ಚರಿಯಾದೀತು. ಡಾ. ಸಲೀಂ ಅಲಿಯವರ ಬದುಕಿನಲ್ಲಿ ನಡೆದದ್ದು ಅದೇ.

ಅವರು ಜನಿಸಿದ್ದು 1896ರ ನವೆಂಬರ್ 12ರಂದು, ಮುಂಬಯಿಯ ಸುಲೈಮಾನಿ ಬೋಹ್ರಾ ಕುಟುಂಬವೊಂದರಲ್ಲಿ. ಒಂದು ವರ್ಷವಾದಾಗ ತಂದೆಯನ್ನೂ ಮೂರು ವರ್ಷವಾದಾಗ ತಾಯಿಯನ್ನೂ ಕಳೆದುಕೊಂಡ ಈ ಯತೀಮ್ ಮಗುವನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರು ಸಾಕಿದರು. ಸುಮಾರು ಹತ್ತು ವರ್ಷದವನಿದ್ದಾಗ ಹುಡುಗನು ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದನು. ಎತ್ತಿ ನೋಡಿದರೆ ಅದರ ಕೊರಳಲ್ಲಿ ಅರಿಶಿನ ತಾಗಿದಂತಹ ಗುರುತು! ಮನೆಯ ಗುಬ್ಬಿಯಂತಿಲ್ಲದ ಈ ಹಕ್ಕಿಯನ್ನು ಮುಸ್ಲಿಮನೊಬ್ಬನು ತಿನ್ನಬಹುದೇ ಎಂಬ ಅನುಮಾನ ಬಂತು. ಮಾವನಿಗೂ ಅದರ ಗುರುತು ಹತ್ತಲಿಲ್ಲ. ಅವರು ಪತ್ರ ಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್‌ರ ಬಳಿಗೆ ಕಳುಹಿಸಿದರು. ಅದು ಹಳದಿ ಕೊರಳಿನ ಗುಬ್ಬಿ, ಬೇರೆಯೇ ಪ್ರಭೇದ ಎಂದು ಅಲ್ಲಿ ತಿಳಿಯಿತು. ಒಂದರಂತೆ ಇನ್ನೊಂದು ಕಾಣುವ ಹಕ್ಕಿಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸಕ್ಕೆ ಅಂದೇ ನಾಂದಿಯಾಯಿತು.

ಬೇರೆ ಬೇರೆ ಪ್ರಭೇದಗಳನ್ನು ಗುರುತಿಸುವುದು ಒಂದು ಕೆಲಸವಾದರೆ, ಒಂದೇ ಪ್ರಭೇದದ ಉಪಪ್ರಭೇದಗಳನ್ನು ಗುರುತಿಸುವುದು ಅದಕ್ಕಿಂತ ಕಠಿಣ. ಒಂದೇ ಜಾತಿಯ ಹಕ್ಕಿಯ ಬಣ್ಣ, ಅಳತೆ, ಗರಿಗಳು ಪ್ರದೇಶದಿಂದ ಪ್ರದೇಶಕ್ಕೆ ತುಸು ಬದಲಾಗುತ್ತವೆ. ದಕ್ಷಿಣ ಭಾರತದ ಕೆಮ್ಮೀಸೆ ಪಿಕಳಾರಕ್ಕೆ ಬಾಲದ ತುದಿಯಲ್ಲಿ ಬಿಳಿ ಇಲ್ಲ, ಎದೆಯ ಮೇಲಿನ ಕಪ್ಪು ಪಟ್ಟಿ ಹೆಚ್ಚುಕಡಿಮೆ ಪೂರ್ಣವಾಗಿರುತ್ತದೆ. ಮೌಂಟ್ ಅಬುವಿನ ಕಡೆಯದು ಮಾಸಲು ಬಣ್ಣದ್ದು, ಅದರ ಪಟ್ಟಿ ನಡುವೆ ತುಂಡಾಗಿರುತ್ತದೆ. ಚಳಿಗಾಲದಲ್ಲಿ ನಮ್ಮ ಗದ್ದೆಗಳಿಗೆ ಬರುವ ಹಳದಿ ಸಿಪಿಲೆಗಳ ಗಂಡುಗಳನ್ನು ಮರಳಿ ಹೋಗುವ ವಸಂತ ಕಾಲದಲ್ಲಿ ತಲೆಯ ಬಣ್ಣದಿಂದ ಬೇರ್ಪಡಿಸಬಹುದು. ಆದರೆ ಅವುಗಳ ಮರಿಗಳ ವಿಷಯದಲ್ಲಿ ಕಣ್ಣು ಸೋಲುತ್ತದೆ. ಆದ್ದರಿಂದ ನೋಡುವವನು ಮೊದಲು ಸ್ಥಳ ಯಾವುದು, ಕಾಲ ಯಾವುದು, ಗಂಡೋ ಹೆಣ್ಣೋ, ಬೆಳೆದದ್ದೋ ಮರಿಯೋ ಎಂದು ಕೇಳಿಕೊಳ್ಳಬೇಕು. ಆ ಬಳಿಕವೇ ಬಣ್ಣದ ಸಾಕ್ಷ್ಯ. ಅದೂ ಸಾಲದಿದ್ದರೆ ಪ್ರಭೇದದ ಹೆಸರನ್ನಷ್ಟೇ ಬರೆದು ನಿಲ್ಲಿಸಬೇಕು.

ಸಲೀಂ ಅಲಿಯವರು ಬರ್ಲಿನ್‌ನಲ್ಲಿ ಸ್ಟ್ರೆಸೆಮಾನ್‌ರ ಬಳಿ ಕಲಿತು ಬಂದು, 1930ರ ದಶಕದಲ್ಲಿ ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ನಡೆಸಿದರು. ಪತ್ನಿ ತೆಹ್ಮೀನಾ ಅವರಿಗೆ ದೊಡ್ಡ ಆಸರೆಯಾಗಿದ್ದರು. ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಬಂಗಾರ ಬೆನ್ನಿನ ಮರಕುಟಿಗದ ಬೆನ್ನಿನಲ್ಲಿ ಹಸಿರು ಛಾಯೆ ಹೆಚ್ಚು, ಕಪ್ಪು ಕೊರಳಿನಲ್ಲಿ ಸಣ್ಣ ಚುಕ್ಕೆಗಳು. ಈ ಉಪಪ್ರಭೇದಕ್ಕೆ ವಿಜ್ಞಾನಿಗಳು ತೆಹ್ಮೀನಾರ ಹೆಸರನ್ನೇ ಇಟ್ಟರು. 1939ರಲ್ಲಿ ಆಕೆ ನಿಧನ ಹೊಂದಿದರು. ಆ ದುಃಖದ ನಡುವೆಯೂ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಸಿದರು.

ಆ ಉಪಪ್ರಭೇದಕ್ಕೆ ಹೆಸರಿಟ್ಟವರಲ್ಲಿ ಒಬ್ಬರಾದ ವಿಸ್ಲರ್‌ರೊಂದಿಗಿನ ಸ್ನೇಹವು ಆರಂಭವಾದದ್ದು ವಿವಾದದಿಂದ. ಭೀಮರಾಜ ಹಕ್ಕಿಯ ಬಾಲದ ಗರಿಯ ವಿವರದಲ್ಲಿ ವಿಸ್ಲರ್ ತಪ್ಪಿದ್ದಾರೆಂದು ಅಂದು ಹೆಸರಿಲ್ಲದ ಈ ಭಾರತೀಯ ಯುವಕ ತೋರಿಸಿದಾಗ ಅವರು ಸಿಟ್ಟಾದರು. ನಂತರ ತಮ್ಮಲ್ಲಿದ್ದ ಮಾದರಿಗಳನ್ನು ಮತ್ತೆ ಪರೀಕ್ಷಿಸಿ ತಪ್ಪನ್ನು ಒಪ್ಪಿಕೊಂಡರು, ಆಪ್ತ ಮಿತ್ರರೂ ಆದರು. ಸಾಕ್ಷ್ಯವನ್ನು ಮುಂದಿಟ್ಟವರೂ ಅದಕ್ಕೆ ಮಣಿದವರೂ ಗೌರವಕ್ಕೆ ಅರ್ಹರು.

ಉಪಪ್ರಭೇದಗಳ ಸೂಕ್ಷ್ಮ ಚರ್ಚೆ ಸಲೀಂ ಅಲಿಯವರ ಮನಸ್ಸಿಗೆ ಹಿಡಿಸಿದ್ದಲ್ಲ. ಜೀವಂತ ಹಕ್ಕಿಯ ನಡವಳಿಕೆ ಅವರಿಗೆ ಹೆಚ್ಚು ಪ್ರಿಯವಾಗಿತ್ತು. ಅವರು ಸಾಕಷ್ಟು ಮಾದರಿಗಳನ್ನು ಸಂಗ್ರಹಿಸುವುದಿಲ್ಲವೆಂಬ ಆಕ್ಷೇಪವು ಎರ್ನ್‌ಸ್ಟ್ ಮಾಯರ್‌ರಿಂದ ಬಂತು. ಹೆಸರಿಡುವ ಜಗಳಗಳಿಂದ ರೋಸಿಹೋಗಿ, ಇದನ್ನೆಲ್ಲ ಬಿಟ್ಟು ಕಾಡಿನ ಹಕ್ಕಿಗಳೊಂದಿಗೆ ಶಾಂತವಾಗಿರುವ ಆಸೆಯನ್ನು 1956ರಲ್ಲಿ ಮಿತ್ರ ರಿಪ್ಲಿಯವರಿಗೆ ಬರೆದು ತೋಡಿಕೊಂಡರು. ಆದರೂ ಹೊಣೆಯನ್ನು ಕೈಬಿಡಲಿಲ್ಲ. ಅದೇ ರಿಪ್ಲಿಯವರೊಂದಿಗೆ ಸೇರಿ 1968ರಿಂದ 1974ರೊಳಗೆ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಬಗ್ಗೆ ಹತ್ತು ಸಂಪುಟಗಳ ಕೈಪಿಡಿಯನ್ನು ಹೊರತಂದರು. ಅದರಲ್ಲಿ ಉಪಪ್ರಭೇದಗಳನ್ನೂ ಪ್ರತ್ಯೇಕವಾಗಿ ವಿವರಿಸಲಾಗಿದೆ. ತಮಗೆ ಇಷ್ಟವಿಲ್ಲದ ಭಾಗವನ್ನೂ ಅವರು ಇತರರಿಗಾಗಿ ಶ್ರದ್ಧೆಯಿಂದ ಮಾಡಿದರು.

1976ರಲ್ಲಿ ಪದ್ಮವಿಭೂಷಣ ಪಡೆದ ಅವರು 1987ರಲ್ಲಿ ತೀರಿಕೊಂಡರು. ಸಂಶಯ ಬಂದಾಗ ಊಹೆಯಿಂದ ತೀರ್ಮಾನಿಸದೆ ತಿಳಿದವರ ಬಳಿಗೆ ಹೋಗುವುದನ್ನು ಆ ಬಾಲಕನಿಂದ ನಮ್ಮ ಮಕ್ಕಳು ಕಲಿಯಲಿ. ದೂರದಿಂದ ಕಂಡ ಒಂದು ಹಕ್ಕಿಯ ಬಗ್ಗೆಯೇ ಇಷ್ಟು ಎಚ್ಚರಿಕೆ ಬೇಕಾದರೆ, ನೆರೆಯವರ ಬಗ್ಗೆ ಅರೆಬರೆ ಕೇಳಿ ಮಾತನಾಡುವಾಗ ಹಿರಿಯರಾದ ನಾವು ಎಷ್ಟು ಎಚ್ಚರದಿಂದಿರಬೇಕೆಂದು ಯೋಚಿಸೋಣ.